ಹಾಲಮ್ಮನ ಗೋಡೆಯ ಆಶ್ಲೇಷೆ

ಆವತ್ತು ಬೆಳಗ್ಗೆ ಮಂಜು ಕೆರೆಯ ಕಡೆಯಿಂದ ಬರಲಿಲ್ಲ. ನಮ್ಮ ಬೀದಿಯಲ್ಲೇ ಹುಟ್ಟಿದ ಹಾಗೆ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತ್ತು. ಚಿತ್ತೆ ಮಳೆ ಮುಗಿಯುತ್ತಾ ಬಂದು ಸ್ವಾತಿ ಇನ್ನೂ ಹುಟ್ಟದ ದಿನಗಳು. ಹಗಲು ಚುರುಕು ಬಿಸಿಲು, ಹೊತ್ತಾರೆ ಚಳಿ. ದನಗಳು ಹೊಟ್ಟೆಯವರೆಗೆ ಬಿಳಿಯಲ್ಲಿ ಮುಳುಗಿ ಹೋಗುತ್ತಿದ್ದವು. ಆಚೆಯ ಹುಚ್ಚೆಳ್ಳಿನ ಹೊಲದ ಹಳದಿ ಅಲ್ಲಲ್ಲಿ ತೇಲಿದಂತೆ ಕಾಣುತ್ತಿತ್ತು. ಊರಿನವರು ವರ್ಷಕ್ಕೊಮ್ಮೆ ಪಟ ಬದಲಾಯಿಸುವ ದಿನ ಅದು. ಎಲ್ಲರ ಮನೆಯಲ್ಲೂ ಬೇಗ ಒಲೆ ಹೊತ್ತಿತ್ತು. ನಮ್ಮ ಹಿತ್ತಲ ಚಪ್ಪರದ ಕೋಣೆಯಲ್ಲಿ ನನ್ನ ನಾದಿನಿ ಹಾಲಮ್ಮ ಮಾತ್ರ ಒಲೆ ಹೊತ್ತಿಸಿರಲಿಲ್ಲ. ಅವಳ ಪಟವನ್ನು ಆವತ್ತು ಕೆರೆಗೆ ಮುಳುಗಿಸುವುದೆಂದು ತೀರ್ಮಾನವಾಗಿತ್ತು.

ನಮ್ಮೂರಿನಲ್ಲಿ ಹುಟ್ಟಿದ ನಕ್ಷತ್ರದ ಜೊತೆಗೆ ವರ್ಷದ ನಕ್ಷತ್ರ ಅಂತ ಇನ್ನೊಂದಿದೆ. ಶರತ್ಕಾಲ ಕಾಲಿಟ್ಟ ಮೇಲೆ ಊರ ದೇವತೆ ತಾಯಿಯ ಚಾವಡಿಯಲ್ಲಿ, ಪಟಗಳನ್ನು ಕಾಯುವ ಪಟದಯ್ಯ ಅಂಗೈಯಗಲದ ಪಟಗಳ ಕಟ್ಟನ್ನು ಬಿಚ್ಚಿ, ಕೆಂಪು ಬಟ್ಟೆಯ ಮೇಲೆ ಕವುಚಿ ಹರಡುತ್ತಾನೆ. ಒಂದೊಂದರಲ್ಲೂ ಒಂದೊಂದು ನಕ್ಷತ್ರವನ್ನು ಮನುಷ್ಯರ ರೂಪದಲ್ಲಿ ಬರೆದಿದೆ. ಕುದುರೆಯ ಕಿವಿ ಹಿಡಿದ ಅಶ್ವಿನಿ, ಗಾಡಿ ಹೊಡೆಯುವ ರೋಹಿಣಿ, ಬೊಗಸೆ ಒಡ್ಡಿದ ಹಸ್ತ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡರೆ ವರ್ಷವೆಲ್ಲ ಅದು ನಿಮ್ಮದು. ದಿನಾ ದೀಪ ಹಚ್ಚುವ ಹೊತ್ತಿನಲ್ಲಿ ಅದರ ಮುಂದೆ ಸ್ವಲ್ಪ ಕೂತು ನಿಮ್ಮೊಳಗೆ ನೀವು ಇಣುಕಬೇಕು. ಮುಂದೇನಾಗುತ್ತದೆ ಎಂದು ಪಟವನ್ನು ಯಾರೂ ಕೇಳುವುದಿಲ್ಲ, ಅದೂ ಹೇಳುವುದಿಲ್ಲ. ನೀವು ಯಾರಿಗಾದರೂ ಸುಳ್ಳು ಹೇಳಿದರೆ ಪಟದಲ್ಲಿರುವವರು ತಿರುಗಿ ಬೆನ್ನು ಹಾಕುತ್ತಾರೆ. ಹೋಗಿ ಸರಿಮಾಡಿಕೊಂಡು ಬಂದರೆ ಮತ್ತೆ ಮುಖ ಕೊಡುತ್ತಾರೆ. ಇಷ್ಟೇ. ಮುಖ ಕೊಡುವ ಪಟವನ್ನು ಮುಂದಿನ ಶರತ್ತಿನಲ್ಲಿ ಚಾವಡಿಗೆ ಒಪ್ಪಿಸಿ ಹೊಸದನ್ನು ಎತ್ತಬಹುದು. ಬೆನ್ನು ಹಾಕಿದ ಪಟವನ್ನು ಕಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಅದು ತಿರುಗುವ ತನಕ ನಿಮ್ಮ ಗೋಡೆಯಲ್ಲೇ ಇರಬೇಕು.

ಇದರಿಂದ ನಮ್ಮ ಜನ ಸತ್ಯವಂತರಾದರು ಎಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ಜನ ಸುಳ್ಳು ಬಿಟ್ಟರು, ಉತ್ತರ ಕೊಡುವುದನ್ನೂ ಬಿಟ್ಟರು. ಬೀದಿಯ ಕೊನೆಯ ಹೋಟೆಲಿನವನನ್ನು ಹಾಲಿಗೆ ನೀರು ಹಾಕ್ತೀಯಾ ಎಂದರೆ, "ಚಳಿ ಜಾಸ್ತಿ ಐತಲ್ಲ ಈ ಸಲ" ಅನ್ನುತ್ತಾನೆ. ಗಂಡಿನ ಮನೆ ನೋಡಲು ಹೋದವರು ಹುಡುಗನ ಕುಡಿತದ ವಿಚಾರ ಕೇಳಿದರೆ, "ಕಾಫಿ ತಗೊಳ್ಳಿ ಮೊದಲು" ಎಂದು ಲೋಟ ಮುಂದಿಡುತ್ತಾರೆ. ನೇರವಾಗಿ ಕೇಳುವವರನ್ನು ನಮ್ಮೂರಿನಲ್ಲಿ ಒರಟರು ಎಂದು ಕರೆಯುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಏನು ಕೇಳಿದರೂ ಹವಾಮಾನವನ್ನೇ ಹೇಳುತ್ತಿದ್ದರು. ಇಲ್ಲಿಯವರಿಗೆ ಮೋಡದ ಮೇಲೆ ಎಷ್ಟು ಪ್ರೀತಿಯಪ್ಪಾ ಅಂದುಕೊಂಡಿದ್ದೆ.

ಊರಿನಲ್ಲಿ ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವ ಮನುಷ್ಯ ಒಬ್ಬನೇ ಇದ್ದ. ಅವನು ನನ್ನ ಗಂಡ ಪಾಲಾಕ್ಷಪ್ಪ. ಜೊಂಡು ಕೊಯ್ದಾಯಿತೇ ಎಂದರೆ ಆಯಿತು, ಚಾಪೆ ಇದೆಯೇ ಎಂದರೆ ಇಲ್ಲ. ನಮ್ಮ ನಡುಮನೆಯ ಗೋಡೆಯ ಮೇಲೆ ಅವನ ಪಟ, ಸ್ವಾತಿ, ಗಾಳಿಗೆ ಬಾಗಿದ ಒಂದು ಮೊಳಕೆಯನ್ನು ಅಂಗೈಯಲ್ಲಿ ಮರೆಮಾಡಿ ಹಿಡಿದ ಹುಡುಗಿ, ಸದಾ ಮುಖ ಕೊಟ್ಟು ನಿಂತಿರುತ್ತಿದ್ದಳು. ಅವನು ಪ್ರತಿ ವರ್ಷ ಪಟ ಬದಲಿಸುವ ದಿನ ಅವಳನ್ನು ಚಾವಡಿಗೆ ಒಯ್ದು, ಎಲ್ಲರಿಗೂ ತೋರಿಸಿ, ಕಣ್ಣಿಗೊತ್ತಿಕೊಂಡು ಮನೆಗೇ ವಾಪಸು ತರುತ್ತಿದ್ದ. "ಕೈ ಹಿಡಿದ ತಾಯಿನ ಬಿಟ್ಟು ಬೇರೆಯೋಳ ಕೈ ಯಾಕೆ ಹಿಡೀಲಿ," ಅನ್ನುತ್ತಿದ್ದ. ಜನ ಅದನ್ನು ಭಕ್ತಿ ಎಂದರು. ಒಮ್ಮೊಮ್ಮೆ ಅವನು ಹೇಳಿದ್ದು ನಿಜವಲ್ಲ ಎಂದು ನನಗೆ ಗೊತ್ತಿರುತ್ತಿತ್ತು. ನಾನು ಮೆಲ್ಲಗೆ ಗೋಡೆ ನೋಡುತ್ತಿದ್ದೆ. ಸ್ವಾತಿ ನಗುತ್ತಲೇ ಇರುತ್ತಿದ್ದಳು. ಸಣ್ಣಪುಟ್ಟದ್ದನ್ನು ತಾಯಿ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ನನಗೇ ಹುಳುಕು ಹುಡುಕುವ ಬುದ್ಧಿ ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದೆ. ಎಂದೂ ಬೆನ್ನು ಕಾಣದ ಮನುಷ್ಯ ಎಂದು ಜನ ಅವನನ್ನು ಚಾವಡಿಯ ಯಜಮಾನನನ್ನಾಗಿ ಕೂರಿಸಿದರು.

ಹಾಲಮ್ಮನ ಗೋಡೆಯಲ್ಲಿದ್ದುದು ಆಶ್ಲೇಷೆ. ಹಾವನ್ನು ಎದೆಗವಚಿಕೊಂಡ ಹೆಂಗಸು ಅಂತ ಕೇಳಿದ್ದೇವೆಯೇ ಹೊರತು ಆ ಎದೆಯನ್ನಾಗಲಿ ಮುಖವನ್ನಾಗಲಿ ನಾವ್ಯಾರೂ ನೋಡಿರಲಿಲ್ಲ. ಉದ್ದ ಜಡೆ, ತೋಳಿನ ಸಂದಿಯಿಂದ ಇಳಿಬಿದ್ದ ಹಾವಿನ ಬಾಲ, ಇಷ್ಟೇ ಕಾಣುತ್ತಿದ್ದುದು. ನನ್ನತ್ತೆ ಹಾಸಿಗೆ ಹಿಡಿದ ವರ್ಷ ಬಂದ ಪಟ ಅದು. ಕಾಯಿಲೆಯವರ ಮಗ್ಗುಲಲ್ಲಿರುವವಳು ಚಾವಡಿಯ ಮೆಟ್ಟಿಲು ಹತ್ತಬಾರದು, ಮನೆಯ ಗಂಡಸು ಅವಳ ಹೆಸರು ಹೇಳಿ ಅವಳ ಪಾಲಿನದನ್ನೂ ಎತ್ತಿ, ನೋಡದೆ, ಬಟ್ಟೆಯಲ್ಲಿ ಸುತ್ತಿ ತಂದುಕೊಡಬೇಕು ಎಂದು ರೂಢಿ. ಹಾಗೆ ಅವಳಣ್ಣ, ನನ್ನ ಗಂಡ, ತಂದುಕೊಟ್ಟ ಪಟ ಮನೆಗೆ ಬರುವಾಗಲೇ ಬೆನ್ನು ಹಾಕಿತ್ತಂತೆ. ನಾನು ಮದುವೆಯಾಗಿ ಬಂದದ್ದು ಅದಾದ ಮೇಲೆ. ಈಗ ನನ್ನ ಮಗ ಮೀಸೆ ತಿರುವುತ್ತಾನೆ. ಆ ಹೆಂಗಸು ಇನ್ನೂ ತಿರುಗಿರಲಿಲ್ಲ.

ಹಾಲಮ್ಮ ದಿನಾ ಸಂಜೆ ಅದರ ಮುಂದೆ ಕೂರುತ್ತಿದ್ದಳು. ಹಗಲೆಲ್ಲ ಜೊಂಡು ಸೀಳಿ ಚಾಪೆ ಹೆಣೆದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಸುಳ್ಳನ್ನು ಮರೆತಿದ್ದೇನೋ ಎಂದು ತನ್ನ ಆಯುಸ್ಸನ್ನೆಲ್ಲ ಹೆಕ್ಕುತ್ತಿದ್ದಳು. ಶರತ್ಕಾಲ ಬಂದರೆ ಮನೆಮನೆಗೆ ಹೊರಡುತ್ತಿದ್ದಳು. "ಅಕ್ಕಾ, ಹಿಂದೊಂದು ಸಲ ಮೊಸರು ಕೇಳೋಕೆ ಬಂದಿದ್ರಿ. ಇಲ್ಲ ಅಂದಿದ್ದೆ. ಕುಡಿಕೇಲಿ ಸ್ವಲ್ಪ ಇತ್ತೇನೋ ಅಂತ ಅನುಮಾನ." ಆಕೆ ನಗುತ್ತಿದ್ದಳು. "ಕುಡಿಕೆ ನೀನು ಬೋರಲು ಹಾಕಿದ್ದನ್ನ ನಾನೇ ನೋಡಿದೀನಿ ಕಣೇ, ಹೋಗು." ಎಲ್ಲರೂ ಹಾಗೆ ನಗುತ್ತಿರಲಿಲ್ಲ. ಎದುರು ಮನೆಯ ಕೆಂಚಮ್ಮ ಒಂದು ವರ್ಷ, "ಹ್ಞೂಂ, ಅಂದಿದ್ದೆ ಬಿಡು, ನಂಗೆ ಅವತ್ತು ಬೇಜಾರಾಗಿತ್ತು," ಎಂದು ಹೇಳಿ, ತಪ್ಪಿಗೆ ಎಂದು ಹಾಲಮ್ಮ ಕೊಟ್ಟ ಹೊಸ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದಳು. ಅವತ್ತೇ ಸಂಜೆ ಚಾಪೆ ವಾಪಸು ಬಂತು. "ನಮ್ಮನೇಲಿ ಹಾಸೋಕೆ ಜಾಗ ಇಲ್ಲ" ಎಂದಳು. ಮತ್ತೆ ಬಾಗಿಲವರೆಗೆ ಹೋಗಿ ತಿರುಗಿ ಬಂದು, "ಬೇಜಾರೂ ಆಗಿರಲಿಲ್ಲ ಕಣವ್ವ," ಎಂದು ಗೊಣಗಿ ಹೋದಳು. ಅವಳ ಗೋಡೆಯಲ್ಲಿ ಏನಾಗಿತ್ತೆಂದು ನಾವು ಕೇಳಲಿಲ್ಲ.

ಹೊಳೆಯಾಚೆಯಿಂದ ಮಡಕೆಗಾಡಿ ಬರುವ ದಿನ ಮಾತ್ರ ಹಾಲಮ್ಮ ಹೊರಗೆ ಬರುತ್ತಿರಲಿಲ್ಲ. ಗಾಡಿಯ ಮುರಿಗೆಪ್ಪ ಒಂದು ಕಾಲದಲ್ಲಿ ಅವಳನ್ನು ಕೇಳಿದ್ದನಂತೆ. ಅವನ ಮನೆಯವರು ಬಂದು ನೋಡಿ, ಹುಡುಗಿಯ ಬಣ್ಣ ಹಿಡಿಸಲಿಲ್ಲ ಎಂದು ಹೋದರಂತೆ. ಅದನ್ನು ಅವಳು ನನಗೆ ಒಂದೇ ಸಲ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದ್ದಳು. ಬೇಸಿಗೆಯಲ್ಲೂ ಅವಳು ಮೊಣಕೈ ಮುಚ್ಚುವಂತೆ ಸೆರಗು ಹೊದೆಯುವುದು ಯಾಕೆಂದು ನನಗೆ ಅವತ್ತು ತಿಳಿಯಿತು.

ಈ ವರ್ಷ ಚಾವಡಿಯಲ್ಲಿ ಮಾತೆದ್ದಿತು. ಇಷ್ಟು ಕಾಲ ಬೆನ್ನು ಹಾಕಿದ ಪಟ ಊರಿನಲ್ಲಿದ್ದರೆ ಉಳಿದ ಪಟಗಳಿಗೂ ಮಂಕು ಹಿಡಿಯುತ್ತದೆ, ಮುಳುಗಿಸಿಬಿಡಬೇಕು ಎಂದು. ಪಟ ಮುಳುಗಿಸಿದವರು ಚಾವಡಿಯೊಳಗೆ ಬರುವ ಹಾಗಿಲ್ಲ. ಹಾಲಮ್ಮ ದಿನಾ ತಾಯಿಯ ದೀಪಕ್ಕೆ ಬತ್ತಿ ಹೊಸೆದು ಕೊಡುತ್ತಿದ್ದಳು. ಆ ಬತ್ತಿಯನ್ನು ಇನ್ನು ಮುಟ್ಟುವುದಿಲ್ಲ. ಸತ್ತರೆ ಅವಳ ಮುಂದೆ ದೀಪ ಹಿಡಿದು ನಡೆಯುವವರಿಲ್ಲ. ಯಜಮಾನನ ಜಾಗದಲ್ಲಿ ಕೂತಿದ್ದ ಅವಳಣ್ಣ ಒಂದು ಮಾತೂ ಅಡ್ಡ ಹೇಳಲಿಲ್ಲ. ಮನೆಗೆ ಬಂದವನನ್ನು ನಾನು, "ಒಡಹುಟ್ಟಿದೋಳಲ್ವಾ?" ಎಂದೆ. "ಅದಕ್ಕೇ ಕಣೇ. ನನ್ನ ತಂಗಿ ಅಂತ ಬಿಟ್ಟರೆ ನಾಳೆ ಊರಿಗೆ ಏನು ಮುಖ ತೋರ್ಸಲಿ?" ಎಂದ. ಹಾಲಮ್ಮ ಕೇಳಿಸಿಕೊಂಡು, ಅವತ್ತು ಹೊಸೆದ ಬತ್ತಿಗಳನ್ನು ಎಣ್ಣೆಯಲ್ಲಿ ಅದ್ದಿ, ಬಟ್ಟಲನ್ನು ನನ್ನ ಕೈಗಿಟ್ಟು, "ನಾಳೆಯಿಂದ ನಿಮ್ಮ ಕೈಯಿಂದ ಹೊಸೀರಿ ಅತ್ತಿಗೆ. ಹತ್ತಿ ಬಿಡಿಸಿ ಇಟ್ಟಿದೀನಿ," ಎಂದಳು.

ಮಂಜಿನ ಆ ಬೆಳಗ್ಗೆ ನಾನು ಸ್ವಾತಿಯನ್ನು ಗೋಡೆಯಿಂದ ಇಳಿಸಿ, ಚಾವಡಿಗೆ ಒಯ್ಯುವುದಕ್ಕೆಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಕೆಂಚಮ್ಮ ಜರಡಿ ಕೇಳಿಕೊಂಡು ಜಗಲಿಗೆ ಬಂದಳು. ಹಿತ್ತಲಿಂದ ಹಾಲಮ್ಮ ಓಡಿಬಂದ ಹಾಗೆ ಬಂದಳು. ಅವಳ ಕೂದಲು ಕಟ್ಟಿರಲಿಲ್ಲ. "ಕೆಂಚಕ್ಕಾ, ನಿಮ್ಮ ಮಗಳ ಬೆಳ್ಳಿಗೆಜ್ಜೆ ಕಳೆದಿತ್ತಲ್ಲ, ಅದನ್ನ ನಾನೇ ತಗೊಂಡಿದ್ದೆ." ಇಷ್ಟು ವರ್ಷ ಹೆಕ್ಕಿ ಹೆಕ್ಕಿ ಏನೂ ಸಿಗದೆ, ಕೊನೆಗೆ ಯಾವುದೋ ಒಂದನ್ನು ತನ್ನದೆಂದು ಹೊತ್ತುಕೊಂಡು ನಿಂತಿದ್ದಳು.

ಕೆಂಚಮ್ಮ ಜರಡಿಯನ್ನು ಸೊಂಟಕ್ಕಾನಿಸಿ ನಿಂತಳು. "ಏನಂದೆ? ಹೋದ ವರ್ಷ ಹೀರೇಪಾತಿ ಅಗೆಯುವಾಗ ಸಿಕ್ತಲ್ಲೇ ಗೆಜ್ಜೆ. ನೀನು ತಗೊಂಡು ನಮ್ಮ ಹೀರೇಬುಡದಲ್ಲಿ ನೆಟ್ಟಿದ್ದೇನು, ಗೆಜ್ಜೆಗಿಡ ಬರಲಿ ಅಂತ?" ಅವಳು ನಕ್ಕಳು. ಆಮೇಲೆ ಹಾಲಮ್ಮನ ಮುಖ ನೋಡಿ ನಗು ನಿಲ್ಲಿಸಿ, "ಬೆಳಗ್ಗೆಯಿಂದ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡಿದೀಯೇನೇ," ಎಂದಳು.

ನನಗೆ ಮುಂದಿನದು ಕೇಳಿಸಲಿಲ್ಲ. ನನ್ನ ಕೈಯಲ್ಲಿದ್ದ ಸ್ವಾತಿ, ಮೊಳಕೆಯನ್ನು ಹಿಡಿದುಕೊಂಡೇ, ಮೆಲ್ಲಗೆ, ಸೊಂಟ ಹೊರಳಿಸಿ, ನನಗೆ ಬೆನ್ನು ಹಾಕಿದಳು. ಆ ಮನೆಗೆ ಬಂದಾಗಿನಿಂದ ನೋಡಿರದ ಅವಳ ಜಡೆಯನ್ನು ನೋಡಿದೆ. ನನ್ನ ಗಂಡ ಆಗ ಬಚ್ಚಲಲ್ಲಿ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದ. ಅವನು ಯಾರಿಗೂ ಏನೂ ಹೇಳಿರಲಿಲ್ಲ. ಸುಳ್ಳು ಹೇಳಿದ್ದವಳು ಜಗಲಿಯಲ್ಲಿ ನಿಂತಿದ್ದಳು. ಮೊದಲ ಸಲ ಹೇಳಿದ್ದಳು.

ನಾನು ಪಟವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಅವನು ತಲೆ ಒರೆಸಿಕೊಳ್ಳುತ್ತಾ ಬಂದು ಪಟ ನೋಡಿದ. ಟವೆಲು ಅವನ ತಲೆಯ ಮೇಲೆಯೇ ನಿಂತಿತು. "ಏನು ಮಾಡಿದೆ ನೀನು?" ಎಂದ.

"ಇದು ಯಾರ ಪಟ?" ಎಂದೆ. ಆ ಊರಿನಲ್ಲಿ ನಾನು ಅಷ್ಟು ನೇರವಾಗಿ ಯಾರನ್ನೂ ಕೇಳಿರಲಿಲ್ಲ.

"ಯಾರದು ಅಂದ್ರೆ? ನಂದು."

"ಹಾಲಮ್ಮ ಈಗ ಜಗಲೀಲಿ ಸುಳ್ಳು ಹೇಳಿದಳು. ಇವಳು ತಿರುಗಿದಳು. ಇದು ಯಾರ ಪಟ?"

ಅವನು ಬಾಗಿಲ ಕಡೆ ನೋಡಿದ. ಬಾಗಿಲು ಹಾಕಿ ಬಂದ. "ಮೆಲ್ಲಗೆ ಮಾತಾಡು," ಎಂದ. ನಾನು ಮೆಲ್ಲಗೇ ಮಾತಾಡಿದೆ. ಬೈದು ಗೊತ್ತಿರುವವಳಲ್ಲ ನಾನು. ಆ ಪಟ ಬಂದ ವರ್ಷವೇ ಹಾಲಮ್ಮನ ಸಂಬಂಧವೂ ಮುರಿದಿತ್ತೆಂದು ನೆನಪಾಗಿ, "ಮುರಿಗೆಪ್ಪನ ಮನೆಯೋರು ಬಂದಿದ್ದು ಯಾವತ್ತು?" ಎಂದೆ. ಅವನು ಗೋಡೆಯ ಬರಿದಾದ ಮೊಳೆಯನ್ನು ನೋಡುತ್ತಾ ನಿಂತ. "ಪಟ ಎತ್ತೋ ದಿನವೇ ಬಂದಿದ್ರು, ಹೊತ್ತಾರೆ," ಎಂದ. ಅವರಿಗೆ ಅವಳು ಮದುವೆ ಒಲ್ಲೆ ಅಂದಿದ್ದಾಳೆ, ಚಾವಡಿಯ ತಾಯಿಗೆ ಮಾತು ಕೊಟ್ಟಿದ್ದಾಳೆ ಎಂದು ಹೇಳಿ ಕಳಿಸಿದ್ದ. ಇವಳಿಗೆ ಬಣ್ಣದ ಮಾತು ಹೇಳಿದ್ದ. ಅದಾದ ಮೇಲೆ ಚಾವಡಿಗೆ ಹೋಗಿ ಇಬ್ಬರ ಪಟ ಎತ್ತಿದ್ದ. ಕೆರೆ ಏರಿಯ ಮೇಲೆ ಬಟ್ಟೆ ಬಿಚ್ಚಿ ನೋಡಿದ. ಅವನದು ಆಶ್ಲೇಷೆ, ಆಗಲೇ ಬೆನ್ನು ಹಾಕಿದ್ದಳು. ಅವಳನ್ನು ತಂಗಿಯ ಪಾಲಿಗೆ ಕೊಟ್ಟು, ತಂಗಿಯ ಹೆಸರಲ್ಲಿ ಎತ್ತಿದ ಸ್ವಾತಿಯನ್ನು ತಾನಿಟ್ಟುಕೊಂಡಿದ್ದ.

"ಅಮ್ಮನ್ನ ಯಾರು ನೋಡ್ಕೋಬೇಕಿತ್ತು? ಚಾಪೆ ಯಾರು ಹೆಣೀಬೇಕಿತ್ತು? ನಾನೇನು ನನ್ನ ಸುಖಕ್ಕೆ ಮಾಡಿದ್ನಾ?"

"ನಾನು ಬಂದ ಮೇಲೆ ನಾನು ನೋಡ್ಕೊಂಡೆನಲ್ಲ, ನಿಮ್ಮಮ್ಮನ್ನ. ಆಗ ಹೇಳಬಹುದಿತ್ತು."

"ಆಗ ಅವನಿಗೆ ಮದುವೆ ಆಗೋಗಿತ್ತು. ಹೇಳಿ ಏನು ಪ್ರಯೋಜನ?"

ಪ್ರಯೋಜನ. ಬೆನ್ನು ಹಾಕಿದ ಪಟ ಮತ್ತೆ ಎಷ್ಟು ಸುಳ್ಳಿಗೆ ತಿರುಗೀತು? ಊರಿಗೆಲ್ಲ ಬಾಯಿಕಟ್ಟು, ನನ್ನ ಗಂಡನೊಬ್ಬ ಆರಾಮಾಗಿ ಮಾತಾಡಿಕೊಂಡು ಓಡಾಡಿದ. ತಂಗಿಯ ಒಳ್ಳೆಯತನ ಅವನ ಗೋಡೆಯ ಮೇಲೆ ನಗುತ್ತಿತ್ತು. ಅವನ ಸುಳ್ಳಿನ ಮುಂದೆ ಅವಳು ಸಂಜೆ ಸಂಜೆ ಕೂತು ತನ್ನನ್ನೇ ಸೀಳಿಕೊಂಡಳು, ಜೊಂಡು ಸೀಳಿದ ಹಾಗೆ. ನಾನು ಆ ನಗುವಿಗೆ ಹೂವು ಮುಡಿಸಿದೆ. ತಾಯೀ, ಇದನ್ನು ನೀನು ನೋಡುತ್ತಿದ್ದೆಯಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವಳೂ ಹವಾಮಾನ ಹೇಳಿದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಅವನು ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. "ಇವತ್ತೊಂದು ದಿನ ಸುಮ್ಮನಿರು. ಅದು ಮುಳುಗಿಬಿಟ್ಟರೆ ಎಲ್ಲಾ ಮುಗೀತದೆ. ಅವಳನ್ನ ಮನೇಲಿಟ್ಕೊಂಡು ನಾವೇ ಚೆನ್ನಾಗಿ ನೋಡ್ಕೊಳ್ಳಣ. ಒಳಗೆ ಅಡಿಗೆಮನೆ ಪಕ್ಕದ ಕೋಣೆ ಕೊಡಣ," ಎಂದ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. ನಾನು ಎದ್ದೆ. ಸ್ವಾತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಅವನು ನನ್ನನ್ನು ತಡೆಯಲಿಲ್ಲ.

ಹಾಲಮ್ಮ ಆಶ್ಲೇಷೆಯ ಮುಂದೆ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಸುತ್ತಿಬಳಸದೆ ಹೇಳುವುದು ಎಷ್ಟು ಬೇಗ ಮುಗಿದುಹೋಗುತ್ತದೆ. ಅವಳು ಕೇಳುತ್ತಾ ಚಾಪೆಯ ಅಂಚಿನ ಒಂದು ಎಳೆಯನ್ನು ಒಳಗೆ ತೂರಿಸುತ್ತಿದ್ದಳು. ಅದು ಮತ್ತೆ ಹೊರಗೆ ಬರುತ್ತಿತ್ತು. ನಾನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು.

"ಬಣ್ಣದ ಮಾತು ಅವರು ಆಡಿರಲಿಲ್ವಾ ಅತ್ತಿಗೆ?"

"ಇಲ್ಲ ಕಣವ್ವ. ಆಡಿರಲಿಲ್ಲ."

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅಂಗೈ, ಮುಂಗೈ, ಮತ್ತೆ ಅಂಗೈ. ಬೇರೆಯವರ ಮನೆಯಿಂದ ಎರವಲು ತಂದ ಪಾತ್ರೆಯನ್ನು ತಿರುಗಿಸಿ ನೋಡುವ ಹಾಗೆ. ಆಮೇಲೆ ಎದ್ದು, ಕೂದಲು ಗಂಟು ಹಾಕಿಕೊಂಡು, ಬೀದಿ ದಾಟಿ ಕೆಂಚಮ್ಮನ ಬಾಗಿಲಿಗೆ ಹೋದಳು. ಮಂಜಿನಲ್ಲಿ ಅವಳು ಕಾಣಿಸಲಿಲ್ಲ, ದನಿ ಮಾತ್ರ ಕೇಳಿಸಿತು. "ಕೆಂಚಕ್ಕಾ, ಗೆಜ್ಜೆ ನಾನು ತಗೊಂಡಿರಲಿಲ್ಲ. ಸುಳ್ಳು ಹೇಳಿದೆ." "ಅದು ನಂಗೊತ್ತಿಲ್ವೇನೇ, ಹುಚ್ಚಿ. ಬಾ, ಒಂದು ರೊಟ್ಟಿ ತಿಂದು ಹೋಗು." "ಆಮೇಲೆ ಬರ್ತೀನಿ."

ಅವಳು ವಾಪಸು ಬಂದಾಗ ಸ್ವಾತಿ ನನ್ನ ಮಡಿಲಲ್ಲಿ ಮುಖ ಕೊಟ್ಟಿದ್ದಳು. ಹಾಲಮ್ಮ ಅವಳನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ನಮ್ಮ ನಡುಮನೆಗೆ ಬಂದಾಗಲೆಲ್ಲ ನೋಡಿದ ಮುಖವೇ ಅದು. ಅಣ್ಣನ ಪಟವೆಂದು ದೂರದಿಂದ ಕೈ ಮುಗಿದ ಮುಖ. "ಎಷ್ಟು ಚಿಕ್ಕೋಳು," ಎಂದಳು. "ಇವಳಿಗೆ ಏನಂತ ಹೇಳಲಿ ಅತ್ತಿಗೆ, ನಾನು?" ಅವಳು ಪಟವನ್ನು ನನ್ನ ಕೈಗೇ ಕೊಟ್ಟು, ಗೋಡೆಯಿಂದ ಆಶ್ಲೇಷೆಯನ್ನು ಇಳಿಸಿ, ಧೂಳು ಒರೆಸಿ, ಸೆರಗಿನ ತುದಿಯಲ್ಲಿ ಸುತ್ತಿಕೊಂಡಳು.

ಚಾವಡಿಯಲ್ಲಿ ಜನ ತುಂಬಿದ್ದರು. ಮುಖ ಕೊಟ್ಟ ಪಟಗಳೆಲ್ಲ ಕೆಂಪು ಬಟ್ಟೆಯ ಮೇಲೆ ಸೇರಿದ್ದವು. ಪಾಲಾಕ್ಷಪ್ಪ ಯಜಮಾನನ ಕಂಬಕ್ಕೆ ಒರಗದೆ ನೆಟ್ಟಗೆ ಕೂತಿದ್ದ. ಅವನ ಕೈಯಲ್ಲಿ ಈ ಸಲ ಪಟವಿಲ್ಲದ್ದನ್ನು ಕಂಡು ಯಾರೋ, "ಸ್ವಾತಿ ಎಲ್ಲಪ್ಪಾ?" ಎಂದರು. "ಇವತ್ತು ಮಂಜು ಬಹಳ," ಎಂದ. ಜೀವಮಾನದಲ್ಲಿ ಮೊದಲ ಸಲ ಅವನು ನಮ್ಮೂರಿನವರ ಹಾಗೆ ಮಾತಾಡಿದ. ಪಟದಯ್ಯ ಹಾಲಮ್ಮನ ಹೆಸರು ಕರೆದ. ಮುಳುಗಿಸುವ ಪಟವನ್ನು ಯಜಮಾನನೇ ಕೈಯಲ್ಲಿ ಹಿಡಿದು ಕೆರೆಗೆ ನಡೆಯಬೇಕು. ಅದಕ್ಕೆ ತಮಟೆಯವನು ಹೊರಗೆ ಚರ್ಮ ಕಾಯಿಸುತ್ತಿದ್ದ.

ಹಾಲಮ್ಮ ಮೆಟ್ಟಿಲು ಹತ್ತಿ ಬಂದಳು. ಸೆರಗು ಮೊಣಕೈಯಿಂದ ಮೇಲೆ ಸರಿದಿತ್ತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಮೊದಲು ತಾಯಿಗೆ ಅಡ್ಡಬಿದ್ದಳು. ಎದ್ದು ಅಣ್ಣನ ಮುಂದೆ ಬಂದು ನಿಂತಳು. ಅವಳು ಅಳುತ್ತಾಳೆಂದು, ಇಲ್ಲವೇ ಶಾಪ ಹಾಕುತ್ತಾಳೆಂದು ಕಾಯುತ್ತಿದ್ದವರು ಕತ್ತು ಚಾಚಿದರು. ಅವಳು ಬಗ್ಗಿ, ಹತ್ತಿರ ಇದ್ದ ನನಗೂ ಅವನಿಗೂ ಮಾತ್ರ ಕೇಳುವ ಹಾಗೆ, "ಅಣ್ಣಾ, ನಿಂದು," ಎಂದಳು. ಸೆರಗಿನ ತುದಿ ಬಿಚ್ಚಿ, ಇನ್ನೂ ಬೆನ್ನು ಹಾಕಿಯೇ ಇದ್ದ ಆಶ್ಲೇಷೆಯನ್ನು ಅವನ ಎರಡೂ ಕೈಗಳ ಮೇಲೆ ಇಟ್ಟಳು.